ಮಗಳ ರ‍್ಯಾಂಕನ್ನು ಯಾವ ಸಾಲಿನಲ್ಲಿ ನೋಡಿದಿರಿ?

ಜೂನ್ ಬಂತೆಂದರೆ ನನ್ನ ಮೇಜಿನ ಮೇಲೆ ಕ್ಲೋಸಿಂಗ್ ರ‍್ಯಾಂಕ್ ಪ್ರಿಂಟೌಟ್‌ಗಳದ್ದೇ ರಾಶಿ, ಅಂದರೆ ಯಾವ ಕಾಲೇಜಿನ ಯಾವ ಬ್ರಾಂಚಿನ ಸೀಟು ಎಷ್ಟನೇ ರ‍್ಯಾಂಕಿಗೆ ಮುಗಿಯಿತು ಎಂಬ ಪಟ್ಟಿಗಳು. ಹೋದ ವರ್ಷ ಒಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಪಟ್ಟಿಯ ತುಂಬ ಕೆಂಪು ಗೀಟು. "ಇವೆಲ್ಲ ಸಿಗಲ್ಲ ಸರ್, ಹೊಡೆದು ಹಾಕಿದೀನಿ" ಎಂದರು. ನೋಡಿದರೆ ಅವರು ಓದಿದ್ದು ಜೆಂಡರ್ ನ್ಯೂಟ್ರಲ್, ಅಂದರೆ ಹುಡುಗ ಹುಡುಗಿ ಇಬ್ಬರಿಗೂ ಇರುವ ಸೀಟಿನ ಸಾಲನ್ನು ಮಾತ್ರ. ಫೀಮೇಲ್ ಓನ್ಲಿ, ಅಂದರೆ ಹುಡುಗಿಯರಿಗಷ್ಟೇ ಇರುವ ಸೀಟಿನ ಇನ್ನೊಂದು ಸಾಲು ಅಲ್ಲೇ ಇತ್ತು. ಹೊಡೆದದ್ದರಲ್ಲಿ ನಾಲ್ಕನ್ನು ಮತ್ತೆ ಬರೆಸಿದೆ.

ಐಐಟಿ, ಎನ್‌ಐಟಿಗಳ ಸೀಟು ಹಂಚುವ ಜೋಸಾ ಕೌನ್ಸೆಲಿಂಗ್‌ನಲ್ಲಿ ಈ ಎರಡು ಸಾಲು ಬಂದದ್ದು 2018ರಲ್ಲಿ. ಅದಕ್ಕೂ ಮೊದಲು ಐಐಟಿಗಳಲ್ಲಿ ನೂರಕ್ಕೆ ಹತ್ತು ಹುಡುಗಿಯರೂ ಸೇರುತ್ತಿರಲಿಲ್ಲ. ಆ ವರ್ಷ ಶೇ 14, ಮರುವರ್ಷ 17, 2020ಕ್ಕೆ 20 ಎಂದು ಗುರಿ ಇಟ್ಟರು.

"ಹಾಗಾದರೆ ನಮ್ಮ ಹುಡುಗರ ಸೀಟು ಹೋಯ್ತು ಅಲ್ವಾ?" ಗಂಡುಮಕ್ಕಳ ತಾಯಂದಿರು ಇದನ್ನು ಕೇಳಿಯೇ ಕೇಳುತ್ತಾರೆ. ಒಂದು ಸುಲಭ ಲೆಕ್ಕ ನೋಡಿ. 100 ಸೀಟಿನ ಒಂದು ಬ್ರಾಂಚ್, ಅದರಲ್ಲಿ 90 ಹುಡುಗರು, 10 ಹುಡುಗಿಯರು ಅಂದುಕೊಳ್ಳೋಣ. ಹುಡುಗಿಯರನ್ನು ಶೇ 20ಕ್ಕೆ ಏರಿಸಬೇಕು. ಹುಡುಗರ 90ಕ್ಕೆ ಕೈ ಹಚ್ಚುವುದಿಲ್ಲ. ಹುಡುಗಿಯರಿಗೆಂದು ಮೇಲೆ 12-13 ಸೀಟು ಸೇರಿಸುತ್ತಾರೆ, ಒಟ್ಟು 112ರ ಆಸುಪಾಸು ಆಗುತ್ತದೆ. ಸೂಪರ್‌ನ್ಯೂಮರರಿ ಅಂದರೆ ಇಷ್ಟೇ, ಇದ್ದದ್ದರ ಮೇಲೆ ಹೆಚ್ಚುವರಿ.

ಹುಡುಗಿಯರಿಗೆ ಅರ್ಹತೆಯಲ್ಲಿ ರಿಯಾಯಿತಿ ಇದೆ ಅನ್ನುವುದೂ ತಪ್ಪು. ಐಐಟಿ ಪ್ರವೇಶ ಪರೀಕ್ಷೆ ಜೆಇಇ ಅಡ್ವಾನ್ಸ್‌ಡ್ ಪಾಸಾಗಲು ಬೇಕಾದ ಅಂಕ ಇಬ್ಬರಿಗೂ ಒಂದೇ. ಬದಲಾಗುವುದು ಸೀಟು ಹಂಚುವಾಗ. ಬಾಂಬೆ ಐಐಟಿ ಕಂಪ್ಯೂಟರ್ ಸೈನ್ಸ್ ನೋಡಿ. ಓಪನ್ ಕೆಟಗರಿಯ ಜೆಂಡರ್ ನ್ಯೂಟ್ರಲ್ ಸಾಲು ಎರಡಂಕಿಯ ರ‍್ಯಾಂಕಿಗೇ ಮುಚ್ಚುತ್ತದೆ, ಫೀಮೇಲ್ ಓನ್ಲಿ ಮೂರಂಕಿಯವರೆಗೆ ಹೋಗುತ್ತದೆ. ಓಪನ್ ಒಂದರಲ್ಲೇ ಅಲ್ಲ, ಒಬಿಸಿ, ಎಸ್‌ಸಿ, ಎಸ್‌ಟಿ, ಇಡಬ್ಲ್ಯೂಎಸ್ ಎಲ್ಲದರಲ್ಲೂ ಹೀಗೆ ಎರಡೆರಡು ಸಾಲು ಇವೆ. ಸುರತ್ಕಲ್ ಎನ್‌ಐಟಿಕೆ ನೋಡುವವರು ಹೋಮ್ ಸ್ಟೇಟ್, ಅಂದರೆ ನಮ್ಮ ರಾಜ್ಯದವರ ಸೀಟಿನ ಸಾಲನ್ನೂ ಬೇರೆಯಾಗಿಯೇ ನೋಡಬೇಕು.

ಕೆಲವು ಹುಡುಗಿಯರು ಮೆಲ್ಲಗೆ ಕೇಳುತ್ತಾರೆ, "ಕೋಟಾದವಳು ಅಂತಾರಾ ಸರ್?" ಜೋಸಾ ನಿಯಮದಂತೆ ಹುಡುಗಿಯನ್ನು ಮೊದಲು ಫೀಮೇಲ್ ಓನ್ಲಿ ಸೀಟಿಗೇ ಪರಿಗಣಿಸುತ್ತಾರೆ, ಅಲ್ಲಿ ಸಿಗದಿದ್ದರೆ ಮಾತ್ರ ಜೆಂಡರ್ ನ್ಯೂಟ್ರಲ್. ಹಾಗಾಗಿ ದೇಶಕ್ಕೆ ಐದನೇ ರ‍್ಯಾಂಕ್ ಬಂದ ಹುಡುಗಿಯ ಅಲಾಟ್‌ಮೆಂಟ್ ಪತ್ರದಲ್ಲೂ ಫೀಮೇಲ್ ಓನ್ಲಿ ಎಂದೇ ಇರುತ್ತದೆ. ಆಡಿಕೊಳ್ಳುವವರಿಗೆ ಈ ವಿಷಯ ಗೊತ್ತಿರುವುದಿಲ್ಲ, ಅಷ್ಟೇ.

ಚಾಯ್ಸ್ ಫಿಲ್ಲಿಂಗ್‌ನಲ್ಲಿ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಬರೆಯುವಾಗ, ನಾನು ಹೆಚ್ಚು ಜಗಳ ಆಡುವುದು ಅಪ್ಪಂದಿರ ಜೊತೆ. "ಅಷ್ಟು ದೂರ ಒಬ್ಬಳೇ ಬೇಡ" ಎಂದು ದೂರದ ಐಐಟಿಗಳನ್ನೆಲ್ಲ ತೆಗೆಸುತ್ತಾರೆ. ಅದೇ ಮನೆಯ ಮಗನಿಗೆ ಈ ಮಾತು ಬಂದದ್ದನ್ನು ನಾನು ಕಂಡಿಲ್ಲ. ಹೀಗೆ ತೆಗೆಸಿದರೆ ಹೆಚ್ಚುವರಿ ಸೀಟಿನ ಲಾಭ ಮನೆಯಲ್ಲೇ ಸೋರಿಹೋಗುತ್ತದೆ. ನಿಜವಾಗಿ ಬೇಕಾದದ್ದನ್ನು ಮೇಲೆ ಬರೆಯಿರಿ, ಸಿಗುತ್ತದೋ ಇಲ್ಲವೋ ಆಮೇಲಿನ ಮಾತು. ಮೇಲೆ ಬರೆದದ್ದು ಸಿಗದಿದ್ದರೆ ಕೆಳಗಿನದ್ದೇನೂ ಕೈತಪ್ಪುವುದಿಲ್ಲ.

ಇನ್ನು ನಮ್ಮ ಸಿಇಟಿ. ಗ್ರಾಮೀಣ, ಕನ್ನಡ ಮಾಧ್ಯಮದ ಸಾಲುಗಳು ಅಲ್ಲಿವೆ, ಹುಡುಗಿಯರ ಸಾಲು ಇಲ್ಲ. ಜೋಸಾ ಪಟ್ಟಿ ನೋಡಿದ ಕಣ್ಣಲ್ಲೇ ಸಿಇಟಿ ಕಟಾಫ್ ಓದಬೇಡಿ.