ಹೋಗಿಲ್ಲ, ಆ ಬಣ್ಣ ಎಲ್ಲಿಗೂ ಹೋಗಿಲ್ಲ

ಕಪ್ಪು ಡೈ ಹಚ್ಚಿದ ಕೂದಲನ್ನು ಬ್ಲಾಂಡ್, ಅಂದರೆ ತಿಳಿ ಹೊಂಬಣ್ಣ, ಮಾಡಿಸಿಕೊಳ್ಳಲು ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ, ಇದುವರೆಗೆ ತಲೆಗೆ ಏನೇನು ಹಚ್ಚಿದ್ದೀರಿ ಎಂಬುದು. "ಏನೂ ಇಲ್ಲ" ಎನ್ನುತ್ತಾರೆ. ಬಾಚಣಿಗೆ ಆಡಿಸುತ್ತ ಸುಮ್ಮನಿದ್ದರೆ ಮೆಲ್ಲಗೆ ಉಳಿದದ್ದು ಹೊರಬೀಳುತ್ತದೆ: "ಎರಡು ವರ್ಷದ ಹಿಂದೆ ಡೈ ಹಚ್ಚುತ್ತಿದ್ದೆ. ಅದೆಲ್ಲ ಯಾವತ್ತೋ ತೊಳೆದು ಹೋಗಿದೆ ಬಿಡಿ."

ಹೋಗಿಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿಗಿಂತ ತುಸು ಹೆಚ್ಚು ಬೆಳೆಯುತ್ತದೆ. ನಿಮ್ಮ ಕೂದಲು 40 ಸೆಂಟಿಮೀಟರ್ ಉದ್ದವಿದ್ದರೆ ತುದಿಗೆ ಹತ್ತಿರಹತ್ತಿರ ಮೂರು ವರ್ಷ ವಯಸ್ಸು. ಎರಡು ವರ್ಷದ ಹಿಂದಿನ ಡೈ ಈಗ ತುದಿಯ ಹತ್ತು ಹದಿನೈದು ಸೆಂಟಿಮೀಟರಿನಲ್ಲಿ ಹಾಯಾಗಿ ಕುಳಿತಿದೆ. ಕತ್ತರಿ ಬೀಳುವವರೆಗೂ ಅಲ್ಲಿಯೇ ಇರುತ್ತದೆ. ಶಾಶ್ವತ ಡೈಯ ಕೆಲಸವೇ ಹಾಗೆ: ಚಿಕ್ಕ ಅಣುಗಳಾಗಿ ಕೂದಲಿನ ಒಳಗೆ ಹೋಗಿ, ಹೈಡ್ರೋಜನ್ ಪೆರಾಕ್ಸೈಡ್ ಸೇರಿದಾಗ ಒಂದಕ್ಕೊಂದು ಹೆಣೆದುಕೊಂಡು ದೊಡ್ಡದಾಗುತ್ತವೆ, ಬಂದ ದಾರಿಯಲ್ಲಿ ಹೊರಗೆ ಹೋಗಲಾರವು. ಶಾಂಪೂವಿನಿಂದ ಮಾಸಿ ಕಂದಾಗಿ ಕಂಡಿರಬಹುದು. ಮಾಸಿದ್ದಕ್ಕೂ ಹೋದದ್ದಕ್ಕೂ ಅಜಗಜಾಂತರ.

ಇದನ್ನು ಒಪ್ಪದವರೇ ಅಂಗಡಿಯಿಂದ ಬ್ಲಾಂಡ್ ಡೈಯ ಡಬ್ಬಿ ತಂದು ಕಪ್ಪಿನ ಮೇಲೆ ಬಳಿಯುತ್ತಾರೆ. ಡೈ ತಾನು ಡೈಯನ್ನು ತೆಗೆಯುವುದಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ಏಕೆಂದರೆ ಮತ್ತೊಮ್ಮೆ ಕೇಳುತ್ತೀರಿ: ತಿಳಿ ಬಣ್ಣದ ಡೈ ಹುಟ್ಟುಬಣ್ಣವನ್ನು ಸ್ವಲ್ಪ ಮಟ್ಟಿಗೆ ತಿಳಿಯಾಗಿಸಬಲ್ಲದು, ಮೊದಲೇ ತುಂಬಿಸಿಟ್ಟ ಡೈಯನ್ನು ಅಲುಗಿಸುವುದು ಕಷ್ಟ. ಆದ್ದರಿಂದ ಹೊಸದಾಗಿ ಬೆಳೆದ ಬುಡ ಕಿತ್ತಳೆಯಾಗಿ ಹೊಳೆಯುತ್ತದೆ, ತುದಿ ಮಾತ್ರ ಇದ್ದಲ್ಲೇ ಇರುತ್ತದೆ. ನೆತ್ತಿಯ ಬಿಸಿಗೆ ಬುಡ ಇನ್ನೂ ಬೇಗ ತಿಳಿಯಾಗುವುದರಿಂದ ಆ ವ್ಯತ್ಯಾಸ ಮತ್ತಷ್ಟು ಎದ್ದು ಕಾಣುತ್ತದೆ. ಹೀಗೆ ಒಂದೇ ವಾರದಲ್ಲಿ ಮೂರು ಡಬ್ಬಿ ಮುಗಿಸಿ, ತಲೆಗೆ ಸ್ಕಾರ್ಫ್ ಬಿಗಿದುಕೊಂಡು ಬಂದ ಹುಡುಗಿಯನ್ನು ಬೈಯಬೇಕೆಂದುಕೊಂಡೆ. ಅವಳ ಮುಖ ನೋಡಿ ಬಾಯಿ ಬರಲಿಲ್ಲ.

ಕಪ್ಪು ಡೈಯನ್ನು ತೆಗೆಯಲು ಎರಡು ದಾರಿಗಳಿವೆ. ಡೈ ತೆಗೆಯುವ ದ್ರಾವಣ ಆ ದೊಡ್ಡ ಅಣುಗಳನ್ನು ಮತ್ತೆ ಚಿಕ್ಕದಾಗಿಸುತ್ತದೆ. ಬೇಸರವಿಲ್ಲದೆ ಬಹಳ ಹೊತ್ತು ತೊಳೆಯಬೇಕು, ಇಲ್ಲವಾದರೆ ಒಳಗೇ ಉಳಿದವು ಮತ್ತೆ ಕೂಡಿಕೊಂಡು ಕೂದಲು ಕಪ್ಪಾಗುತ್ತದೆ. ಹುಟ್ಟುಬಣ್ಣವನ್ನು ಅದು ಮುಟ್ಟುವುದಿಲ್ಲ. ಇನ್ನೊಂದು ಬ್ಲೀಚ್. ಕೂದಲು ಕೆಂಪು, ಕಿತ್ತಳೆ, ಹಳದಿ ದಾಟಿಯೇ ಹೋಗಬೇಕು, ಅಡ್ಡದಾರಿ ಇಲ್ಲ. ಬ್ಲೀಚ್ ಪುಡಿಗೆ ನಾನು ಸಾಮಾನ್ಯವಾಗಿ 6% ಪೆರಾಕ್ಸೈಡನ್ನೇ ಬೆರೆಸಿ ನಿಧಾನವಾಗಿ ಸಾಗುತ್ತೇನೆ. 12% ಕೇಳುವವರ ಆತುರ ನನಗೆ ಅರ್ಥವಾಗುತ್ತದೆ, ಆದರೆ ಸುಟ್ಟ ಕೂದಲಿಗೆ ಮರುಜೀವ ಕೊಡುವ ಕ್ರೀಮು ನನ್ನಲ್ಲಿಲ್ಲ. ಬಾಳೆಹಣ್ಣಿನ ಸಿಪ್ಪೆಯ ಒಳಮೈಯಷ್ಟು ತಿಳಿಹಳದಿಗೆ ಬಂದರೆ ನಿಲ್ಲಿಸಬೇಕು. ಉಳಿದ ಹಳದಿಯನ್ನು ನೇರಳೆ ಟೋನರ್, ಅಂದರೆ ಛಾಯೆ ತಿದ್ದುವ ತೆಳು ಬಣ್ಣ, ಅಡಗಿಸುತ್ತದೆ. ಹೆಚ್ಚಿನವರಿಗೆ ಇದು ಒಂದೇ ದಿನದಲ್ಲಿ ಆಗದು. ಎಷ್ಟು ಸಲ ಬೇಕು ಎಂದು ಫೋಟೊ ನೋಡಿ ಹೇಳಲಾರೆ, ಹೇಳುವವರನ್ನು ನಂಬಲೂ ಬೇಡಿ.

ಒಂದು ಎಳೆಯನ್ನು ಪರೀಕ್ಷಿಸದೆ ಇಡೀ ತಲೆಗೆ ನಾನು ಕೈಹಚ್ಚುವುದಿಲ್ಲ. ಒಬ್ಬರು "ಬರೀ ಮೆಹಂದಿ, ಅಪ್ಪಟ ನೈಸರ್ಗಿಕ" ಎಂದು ಆಣೆ ಮಾಡಿದ್ದರು. ಕತ್ತರಿಸಿಕೊಂಡ ಎಳೆಯನ್ನು ಪೆರಾಕ್ಸೈಡ್ ಮಿಶ್ರಣದಲ್ಲಿ ಇಟ್ಟ ಕೆಲವೇ ನಿಮಿಷಗಳಲ್ಲಿ ಬಟ್ಟಲು ಬಿಸಿಯಾಯಿತು. ಕೆಲವು ಮೆಹಂದಿ ಪುಡಿಗಳಲ್ಲಿ ಲೋಹದ ಲವಣ ಬೆರೆತಿರುತ್ತದೆ. ಪೆರಾಕ್ಸೈಡ್ ತಗುಲಿದರೆ ಹೊಗೆಯೇಳಬಹುದು, ಕೂದಲು ತುಂಡಾಗಬಹುದು. ಅಂದು ಆ ಬಟ್ಟಲನ್ನೇ ಅವರ ಕೈಗೆ ಕೊಟ್ಟೆ. ಮಾತು ಅಲ್ಲಿಗೆ ನಿಂತಿತು. ಅದೇ ರೀತಿ, ಒದ್ದೆಯಾದ ಎಳೆಯನ್ನು ಎಳೆದಾಗ ರಬ್ಬರಿನಂತೆ ಹಿಗ್ಗಿ ಹಿಂದಕ್ಕೆ ಬರದಿದ್ದರೆ ಅಂದಿನ ಕೆಲಸ ಮುಗಿಯಿತು, ಯಾರೆಷ್ಟು ಬೇಡಿಕೊಂಡರೂ. ನೆತ್ತಿಯಲ್ಲಿ ಗಾಯವಿದ್ದರೂ ಹಾಗೆಯೇ. ಅಲರ್ಜಿ ಪರೀಕ್ಷೆಯನ್ನು 48 ಗಂಟೆ ಮೊದಲೇ ಮಾಡಿಸಿಕೊಳ್ಳಿ.

ನನಗೆ ಬಹಳ ಮೆಚ್ಚುಗೆಯಾದವರು ನಿವೃತ್ತರಾದ ಒಬ್ಬ ಮೇಡಂ. ಮೂರು ವರ್ಷಗಳಲ್ಲಿ ಹಚ್ಚಿದ ಪ್ರತಿ ಡೈ ಡಬ್ಬಿಯ ಚಿತ್ರವನ್ನು ತಾರೀಖಿನ ಸಮೇತ ಮೊಬೈಲಿನಲ್ಲಿ ಇಟ್ಟುಕೊಂಡಿದ್ದರು. ಎಲ್ಲಿ ಎಷ್ಟು ಪದರವಿದೆ ಎಂದು ಊಹಿಸುವ ಕಷ್ಟವೇ ನನಗೆ ಬರಲಿಲ್ಲ. ಮೂರು ಸಲದಲ್ಲಿ ಮುಗಿಸೋಣ, ನಡುವೆ ಕೆಲವು ವಾರ ಬಿಡೋಣ ಎಂದಿದ್ದೆ. ಎರಡನೆಯ ಸಲಕ್ಕೆ ಕೂದಲು ಜೇನಿನ ಬಣ್ಣಕ್ಕೆ ಬಂದಿತ್ತು. ಮೂರನೆಯ ಸಲಕ್ಕೆ ಅವರು ಬರಲೇ ಇಲ್ಲ. ಅದೇ ಒಪ್ಪಿಗೆಯಾಗಿದೆ ಎಂದು ಫೋನಿನಲ್ಲಿ ಹೇಳಿದರು.