ಎತ್ತರಕ್ಕಿಂತ ಮೊದಲು ಕತ್ತು

ಅಕಾಂಡ್ರೋಪ್ಲೇಸಿಯಾ, ಅಂದರೆ ಮೂಳೆ ಸರಿಯಾಗಿ ಬೆಳೆಯದೆ ಕುಬ್ಜತೆ ಬರುವ ಹುಟ್ಟು ತೊಂದರೆ, ಇರುವ ಕೂಸಿನ ಮನೆಯವರು ಮೊದಲು ಕೇಳುವುದು, “ಎಷ್ಟು ಎತ್ತರ ಬೆಳೆಯುತ್ತೆ ಡಾಕ್ಟ್ರೇ?” ಅಂತ. ಉತ್ತರವೇನೋ ಸುಲಭ: ದೊಡ್ಡವರಾದ ಮೇಲೆ ಗಂಡಸರು ಸರಾಸರಿ 131 ಸೆಂ.ಮೀ., ಹೆಂಗಸರು 124 ಸೆಂ.ಮೀ. ಆದರೆ ಮೊದಲ ಎರಡು ವರ್ಷ ಎಲ್ಲರ ಕಣ್ಣೂ ಇರಬೇಕಾದದ್ದು ಕಾಲಿನ ಮೇಲಲ್ಲ, ಕತ್ತಿನ ಮೇಲೆ.

4ನೇ ಕ್ರೋಮೋಸೋಮಿನಲ್ಲಿರುವ ಎಫ್‌ಜಿಎಫ್‌ಆರ್3 ಜೀನು ಮೂಳೆಯ ಬೆಳವಣಿಗೆಗೆ ಬ್ರೇಕು ಇದ್ದಂತೆ. ಅದರಲ್ಲಿ ಒಂದೇ ಅಕ್ಷರ ಬದಲಾದರೆ ಬ್ರೇಕು ಒತ್ತಿದ್ದು ಒತ್ತಿದ ಹಾಗೇ ಉಳಿಯುತ್ತದೆ. ಇದು ತಿಳಿದದ್ದು 1994ರಲ್ಲಿ. ಇಂಥ ಮಕ್ಕಳಲ್ಲಿ ಸುಮಾರು 80% ಮಂದಿಯ ಅಪ್ಪ ಅಮ್ಮ ಮಾಮೂಲಿ ಎತ್ತರದವರೇ. ಬಸುರಿ ಗ್ರಹಣ ನೋಡಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೃದ್ವಸ್ಥಿ (ಕಿವಿಯ ಹಾಲೆಯಲ್ಲಿರುವಂಥ ಮೆತ್ತನೆ ಎಲುಬು) ಮೂಳೆಯಾಗುವ ಕಡೆಯಲ್ಲೆಲ್ಲ ಈ ಬ್ರೇಕು ಬೀಳುತ್ತದೆ. ತೊಡೆ, ತೋಳುಗಳಷ್ಟೇ ಅಲ್ಲ, ಬುರುಡೆಯ ತಳವೂ ಹಾಗೆ ಬೆಳೆಯುವಂಥದ್ದೇ. ಮೆದುಳು ಕೆಳಗಿಳಿದು ಬೆನ್ನುಹುರಿಯಾಗುವ ರಂಧ್ರ ಅಲ್ಲಿದೆ. ಅದು ಕಿರಿದಾಗಿ ನರವನ್ನು ಒತ್ತಿದರೆ ಮಗುವಿಗೆ ನಿದ್ದೆಯಲ್ಲೇ ಉಸಿರು ನಿಲ್ಲಬಹುದು. ಕೈಕಾಲು ಮೆತ್ತಗಿರುವುದು ಈ ಮಕ್ಕಳಲ್ಲಿ ಸಾಮಾನ್ಯ, ಅದರಿಂದಲೇ ಎಲ್ಲರೂ ಮೋಸಹೋಗುವುದು. ಮೆತ್ತಗಿದ್ದದ್ದು ಇನ್ನೂ ಸಡಿಲಾದರೆ, ಪಾದವನ್ನು ಮೇಲಕ್ಕೆ ಒತ್ತಿದಾಗ ಪಟಪಟ ಅದುರಿದರೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬಂದರೆ, ಹಾಲು ಕುಡಿಯುವಾಗ ಪದೇ ಪದೇ ಕೆಮ್ಮಿದರೆ ತಡಮಾಡಬಾರದು. ಯಾವ ಲಕ್ಷಣ ಇಲ್ಲದಿದ್ದರೂ ಮೊದಲ ತಿಂಗಳುಗಳಲ್ಲೇ ನಿದ್ರಾಪರೀಕ್ಷೆ ಆಗಬೇಕು. ಕತ್ತಿನ ಎಂಆರ್‌ಐ ಯಾವಾಗ ಬೇಕೆಂದು ವೈದ್ಯರ ಹತ್ತಿರ ಆಗಲೇ ಮಾತಾಡಿಕೊಳ್ಳಬೇಕು. ಅರಿವಳಿಕೆ ಕೊಡುವವರಿಗೆ ರೋಗದ ಹೆಸರನ್ನು ಮೊದಲೇ ಹೇಳಿಡಿ. ಉಸಿರಿನ ನಳಿಕೆ ಹಾಕಲು ಕತ್ತನ್ನು ಹಿಂದಕ್ಕೆ ಬಗ್ಗಿಸುವುದು ಇಲ್ಲಿ ಅಪಾಯ. ಒತ್ತಡ ಹೆಚ್ಚಿದ್ದರೆ ಆ ರಂಧ್ರವನ್ನು ಅಗಲ ಮಾಡುವ ಶಸ್ತ್ರಚಿಕಿತ್ಸೆಯಿದೆ. ಬೆಂಗಳೂರಿನವರಿಗೆ ನಿಮ್ಹಾನ್ಸ್ ಊರೊಳಗೇ ಇದೆ.

ಎಣ್ಣೆ ನೀರು ಹಾಕುವ ಅಜ್ಜಿಗೂ ಈ ವಿಷಯ ಗೊತ್ತಿರಬೇಕು. ಎಣ್ಣೆ ಹಚ್ಚಲಿ, ಬೇಡವೆನ್ನುವುದಿಲ್ಲ. ತಲೆಯನ್ನು ಹಿಂದಕ್ಕೆ ಜೋಲುಬಿಟ್ಟು ನೀರು ಹೊಯ್ಯುವುದು, ಕೈಕಾಲು ಹಿಡಿದು ತೂಗುವುದು ಮಾತ್ರ ಕೂಡದು.

ಇನ್ನು ಬೆನ್ನು. ಆರು ತಿಂಗಳಾಯಿತೆಂದು ಸುತ್ತ ದಿಂಬಿಟ್ಟು ಕೂರಿಸುತ್ತೇವಲ್ಲ, ಅದೇ ತಪ್ಪು. ತಲೆ ಭಾರ, ಬೆನ್ನಿನ ಸ್ನಾಯು ಸಡಿಲ. ಮಗು ಬಿಲ್ಲಿನಂತೆ ಬಾಗುತ್ತದೆ. ಬಾಗಿದ ಜಾಗದ ಕಶೇರುಕ (ಬೆನ್ನೆಲುಬಿನ ಮಣಿ) ಮುಂಭಾಗದಲ್ಲಿ ಒತ್ತಡಕ್ಕೆ ಸಿಕ್ಕಿ ಬೆಣೆಯಾಗಿ, ಗೂನು ಶಾಶ್ವತವಾಗಿಬಿಡಬಹುದು. ತಾನಾಗಿ ಕೂರುವ ಬಲ ಬರುವವರೆಗೆ ಕೂರಿಸಬೇಡಿ. ಎತ್ತಿಕೊಂಡಾಗ ಒಂದು ಅಂಗೈ ಬೆನ್ನಿಗೆ ಒತ್ತಾಗಿರಲಿ. ವಾಕರ್, ಬಟ್ಟೆ ಸೀಟಿನ ತಳ್ಳುಗಾಡಿ, ಎದೆಗೆ ಕಟ್ಟಿಕೊಳ್ಳುವ ಚೀಲ ಬೇಡ. ಸೀರೆಯ ಜೋಲಿಯಲ್ಲೂ ಬೆನ್ನು ಬಾಗಿ ಗಲ್ಲ ಎದೆಗೆ ತಾಗುತ್ತದೆ; ಗಟ್ಟಿ ಹಾಸಿಗೆಯ ಮೇಲೆ ಅಂಗಾತ ಮಲಗಿಸುವುದೇ ಮೇಲು. ಎಚ್ಚರವಿದ್ದಾಗ, ನೀವು ಎದುರಿಗಿದ್ದು, ಬೋರಲು ಹಾಕಿ. ಕತ್ತು ಬೆನ್ನು ಬಲಿಯುತ್ತವೆ. ನಡೆಯುವುದು ಒಂದೂವರೆ ವರ್ಷಕ್ಕೋ ಎರಡು ದಾಟಿದ ಮೇಲೋ ಆದರೆ ಗಾಬರಿ ಬೇಡ.

ಕಾರಿನಲ್ಲಿ ಹಿಂದಕ್ಕೆ ಮುಖಮಾಡುವ ಮಕ್ಕಳ ಸೀಟನ್ನು, ಅದರ ಅಳತೆ ಮೀರುವವರೆಗೂ ಬಿಡಬೇಡಿ. ನಮ್ಮ ರಸ್ತೆಗಳ ಹಂಪುಗಳು ಗೊತ್ತಲ್ಲ!

ತಲೆಯ ಸುತ್ತಳತೆಯನ್ನು ಪ್ರತಿ ಭೇಟಿಯಲ್ಲೂ ಅಳೆದು, ಈ ಮಕ್ಕಳಿಗೆಂದೇ ಇರುವ ಚಾರ್ಟಿನಲ್ಲಿ ಗುರುತಿಸಬೇಕು. ಸಾಮಾನ್ಯ ಚಾರ್ಟಿನಲ್ಲಿ ನೋಡಿದರೆ ಎಲ್ಲ ತಲೆಯೂ ದೊಡ್ಡದೇ. ಗೆರೆಯಿಂದ ಗೆರೆಗೆ ಜಿಗಿದರೆ, ನೆತ್ತಿ ಉಬ್ಬಿದರೆ, ವಾಂತಿ ಶುರುವಾದರೆ ಮೆದುಳಿನಲ್ಲಿ ನೀರು ನಿಂತಿರಬಹುದು. ಕಿವಿಯೊಳಗೆ ದ್ರವ ತುಂಬುವುದೂ ಹೆಚ್ಚು, ಆದ್ದರಿಂದ ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಮಾಡಿಸಿ. “ಮಾತು ನಿಧಾನ, ಅಪ್ಪನ ಹಾಗೆ” ಎಂದು ಸುಮ್ಮನಾಗುವುದು ಬೇಡ.

ಎತ್ತರಕ್ಕೆ ಔಷಧಿಯೂ ಇದೆ: ವೊಸೊರಿಟೈಡ್. ಯುರೋಪ್, ಅಮೆರಿಕಗಳಲ್ಲಿ 2021ರಲ್ಲಿ ಒಪ್ಪಿಗೆ ಸಿಕ್ಕಿತು. ದಿನಕ್ಕೊಂದು ಇಂಜೆಕ್ಷನ್ ಚರ್ಮದಡಿಗೆ, ಅದೂ ಮೂಳೆ ಬೆಳೆಯುವಷ್ಟು ಕಾಲ. ಪರೀಕ್ಷೆಯಲ್ಲಿ ಸಿಕ್ಕ ಲಾಭ ವರ್ಷಕ್ಕೆ ಸುಮಾರು 1.6 ಸೆಂ.ಮೀ. ರಕ್ತದೊತ್ತಡ ಸ್ವಲ್ಪ ಹೊತ್ತು ಇಳಿಯಬಹುದು. ಅದಕ್ಕೇ ಚುಚ್ಚುವ ಮೊದಲಿನ ಒಂದು ಗಂಟೆಯೊಳಗೆ ತಿಂಡಿ, ಒಂದು ಲೋಟ ನೀರು.

ಕುಬ್ಜತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ, ಪ್ರಮಾಣಪತ್ರ ಮಾಡಿಸಿಡಿ. ಶಾಲೆಯ ಬೆಂಚಿನಲ್ಲಿ ಕಾಲು ತೂಗಾಡದಂತೆ ಅಡಿಗೊಂದು ಮಣೆ, ಬೆನ್ನಿಗೊಂದು ಒರಗು ಬೇಕು. ಆಟದ ಮೇಷ್ಟ್ರಿಗೆ ಬರೆದು ಕೊಡಬೇಕಾದ್ದು ಇಷ್ಟು: ಲಾಗ, ಶೀರ್ಷಾಸನ, ಟ್ರ್ಯಾಂಪೊಲಿನ್ ಬೇಡ, ಈಜು, ಸೈಕಲ್ ಧಾರಾಳವಾಗಿ ಆಗಲಿ.