‘ಆಗಿಬರಲ್ಲ’ ಅಂದರೆ ಏನು? ಆಹಾರದ ಅಲರ್ಜಿ ಎಂಬ ಪದದ ಒಳಹೊರಗು

“ನಂಗೆ ಬದನೆಕಾಯಿ ಆಗಿಬರಲ್ಲ.” “ಮಗೂಗೆ ಹಾಲು ಒಗ್ಗಲ್ಲ.” “ಸಿಗಡಿ ತಿಂದ್ರೆ ಮೈಯೆಲ್ಲ ಗಂಧೆ ಏಳತ್ತೆ.” “ಗಾಯ ಆರೋವರೆಗೂ ನಂಜಿನ ಪದಾರ್ಥ ಬೇಡ.” ಹಿಂದೆ ನಾಲ್ಕು ಮಾತಿಗೆ ನಾಲ್ಕು ಪದ ಇದ್ದವು. ಈಗ ನಾಲ್ಕನ್ನೂ ಸೇರಿಸಿ ‘ಅಲರ್ಜಿ’ ಅಂದುಬಿಡುತ್ತೇವೆ. ಸಾಲದ್ದಕ್ಕೆ ಸಿಲ್ಕ್ ಬೋರ್ಡ್ ಟ್ರಾಫಿಕ್ಕೂ ಅಲರ್ಜಿ, ಬೆಳಗ್ಗೆ ಬೇಗ ಏಳುವುದೂ ಅಲರ್ಜಿ. ಪದ ಹೀಗೆ ಸವೆದುಹೋದರೆ, ಹೋಟೆಲಿನಲ್ಲಿ “ಅಲರ್ಜಿ ಇದೆ” ಎಂದವರ ಮಾತು “ಇಷ್ಟ ಇಲ್ಲ” ಎಂದಷ್ಟೇ ಕೇಳಿಸುತ್ತದೆ. ಮೇಲಿನ ನಾಲ್ಕರಲ್ಲಿ ಕೆಲವು ಬರೀ ಹೊಟ್ಟೆಯುಬ್ಬರ ತರುತ್ತವೆ, ಒಂದಂತೂ ಅರ್ಧ ಗಂಟೆಯೊಳಗೆ ಜೀವ ತೆಗೆಯಬಲ್ಲದು. ಯಾವುದು ಯಾವುದು ಎಂದು ತಿಳಿದಿರಲೇಬೇಕು.

ಅಲರ್ಜಿ ಎಂಬ ಪದವನ್ನು 1906ರಲ್ಲಿ ಕಟ್ಟಿದವರು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಗ್ರೀಕಿನಲ್ಲಿ ‘ಆಲ್ಲೋಸ್’ ಎಂದರೆ ಬೇರೆ, ‘ಎರ್ಗಾನ್’ ಎಂದರೆ ಕೆಲಸ. ಒಂದು ವಸ್ತುವನ್ನು ಮೊದಲು ಕಂಡ ಮೇಲೆ ಮೈ ಅದರ ಜತೆ ಬೇರೆ ರೀತಿ ನಡೆದುಕೊಳ್ಳುತ್ತದೆ ಎಂಬುದು ಅವರ ಅರ್ಥ. ಇದಕ್ಕೂ ನಾಲ್ಕು ವರ್ಷ ಮೊದಲು, 1902ರಲ್ಲಿ, ಫ್ರಾನ್ಸಿನ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ ಸಮುದ್ರಜೀವಿಯೊಂದರ ವಿಷವನ್ನು ನಾಯಿಗಳಿಗೆ ಚುಚ್ಚಿ ನೋಡಿದ್ದರು. ಮೊದಲ ಸಲ ಬದುಕುಳಿದ ನಾಯಿ, ಕೆಲವು ವಾರ ಬಿಟ್ಟು ತೀರಾ ಕಡಿಮೆ ಪ್ರಮಾಣ ಕೊಟ್ಟಾಗ ನಿಮಿಷಗಳಲ್ಲಿ ಸತ್ತಿತು. ರಿಶೆ ಅದನ್ನು ಅನಾಫಿಲಾಕ್ಸಿಸ್ ಎಂದು ಕರೆದರು. 1913ರಲ್ಲಿ ಈ ಕೆಲಸಕ್ಕೆ ನೊಬೆಲ್ ಬಂತು. “ಹೋದ ತಿಂಗಳು ತಿಂದಾಗ ಏನೂ ಆಗಿರ್ಲಿಲ್ಲ, ಅಲರ್ಜಿ ಹೇಗೆ ಆಗುತ್ತೆ?” ಎಂದು ಈಗಲೂ ಕೇಳುವವರಿಗೆ ಉತ್ತರ ಆ ನಾಯಿಯ ಕತೆಯಲ್ಲೇ ಇದೆ. ಮೊದಲ ಭೇಟಿಯಲ್ಲಿ ಮೈ ತಯಾರಾಗುತ್ತದೆ, ಆಮೇಲಿನ ಭೇಟಿಯಲ್ಲಿ ತಿರುಗಿಬೀಳುತ್ತದೆ.

ತಯಾರಾಗುವುದು ಅಂದರೆ, ಆಹಾರದ ಒಂದು ಪ್ರೋಟೀನನ್ನು ರೋಗನಿರೋಧಕ ವ್ಯವಸ್ಥೆ ಶತ್ರು ಎಂದು ತಪ್ಪು ತಿಳಿದು ಅದಕ್ಕೆಂದೇ ಐಜಿಇ ಎಂಬ ಪ್ರತಿಕಾಯ ಮಾಡಿಕೊಳ್ಳುತ್ತದೆ. ಈ ಐಜಿಇ ಚರ್ಮ, ಶ್ವಾಸಕೋಶ, ಕರುಳಿನಲ್ಲಿರುವ ಮಾಸ್ಟ್ ಕೋಶಗಳ ಮೈಗೆ ಅಂಟಿಕೊಂಡು ಕಾಯುತ್ತದೆ. ಅದೇ ಪ್ರೋಟೀನು ಮತ್ತೆ ಬಂದಾಗ ಆ ಕೋಶಗಳು ನವೆ, ಊತ ತರುವ ಹಿಸ್ಟಮಿನ್ ಮೊದಲಾದವನ್ನು ಒಟ್ಟಿಗೇ ಸುರಿಯುತ್ತವೆ. ಪ್ರೋಟೀನು ಎಂಬುದನ್ನು ನೆನಪಿಟ್ಟುಕೊಳ್ಳಿ, ಅಡುಗೆಮನೆಯ ಎಷ್ಟೋ ಪ್ರಶ್ನೆ ಅದರಿಂದ ಬಗೆಹರಿಯುತ್ತದೆ. ಚೆನ್ನಾಗಿ ರಿಫೈನ್ ಮಾಡಿದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಈಗ ಬಡಾವಣೆಗೊಂದರಂತೆ ಸಿಗುವ ಗಾಣದ ಎಣ್ಣೆಯಲ್ಲಿ ಅದು ಉಳಿದಿರುತ್ತದೆ. ಆರೋಗ್ಯಕ್ಕೆ ಒಳ್ಳೆಯದೆಂದು ಗಾಣದ ಎಣ್ಣೆಗೆ ಬದಲಾದ ಮನೆಯಲ್ಲಿ ಕಡಲೆಕಾಯಿ ಅಲರ್ಜಿಯವರು ಇದ್ದರೆ ಅದು ಒಳ್ಳೆಯದಲ್ಲ.

ಇನ್ನು ಹಾಲು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಕಿಣ್ವ ಕಡಿಮೆಯಾದರೆ ಹೊಟ್ಟೆ ಉಬ್ಬುತ್ತದೆ, ಗುಡುಗುಡು ಎನ್ನುತ್ತದೆ, ಭೇದಿಯಾಗುತ್ತದೆ. ಇದು ಒಗ್ಗದಿರುವುದು, ಅಲರ್ಜಿಯಲ್ಲ. ಇಂಥವರು ದೊಡ್ಡ ಲೋಟ ಬಾದಾಮಿ ಹಾಲಿಗೆ ಒದ್ದಾಡಿದರೂ ಒಂದು ಬಟ್ಟಲು ಮೊಸರನ್ನ ಆರಾಮಾಗಿ ತಿನ್ನಬಲ್ಲರು. ಹೆಪ್ಪುಗಟ್ಟುವಾಗ ಬ್ಯಾಕ್ಟೀರಿಯಾ ಲ್ಯಾಕ್ಟೋಸನ್ನು ಒಂದಷ್ಟು ಖಾಲಿ ಮಾಡಿರುತ್ತವೆ. ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವ ಮಗುವಿಗೆ ಮಾತ್ರ ಮೊಸರೂ ಹಾಲೇ, ಮಜ್ಜಿಗೆಯೂ ಹಾಲೇ, ಪನೀರೂ ಹಾಲೇ. ತುಪ್ಪದಲ್ಲೂ ಅಲ್ಪಸ್ವಲ್ಪ ಉಳಿದಿರುತ್ತದೆ. ಹಸುವಿನ ಹಾಲು ಬೇಡ, ಮೇಕೆ ಹಾಲು ಕೊಡಿ ಎಂದು ಹಿರಿಯರು ಹೇಳುವುದುಂಟು. ಆ ಸಲಹೆ ಅಪಾಯಕಾರಿ. ಹಸು, ಎಮ್ಮೆ, ಮೇಕೆ ಮೂರರ ಪ್ರೋಟೀನೂ ಒಂದನ್ನೊಂದು ಎಷ್ಟು ಹೋಲುತ್ತವೆಂದರೆ ಒಂದಕ್ಕೆ ತಿರುಗಿಬಿದ್ದವರು ಹೆಚ್ಚಾಗಿ ಮೂರಕ್ಕೂ ತಿರುಗಿಬೀಳುತ್ತಾರೆ. ಗೋಧಿಯಲ್ಲೂ ಇಂಥದ್ದೇ ಗೊಂದಲ. ಸೀಲಿಯಾಕ್ ಕಾಯಿಲೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ನಿಧಾನವಾಗಿ ಹಾಳಾಗುವಂಥದ್ದು. ಗೋಧಿ ಅಲರ್ಜಿ ಪೂರಿ ತಿಂದ ಸ್ವಲ್ಪ ಹೊತ್ತಿನಲ್ಲೇ ಗಂಧೆ ಏಳಿಸುವಂಥದ್ದು.

ಬದನೆಕಾಯಿ ಬೇರೆಯದೇ ಪ್ರಕರಣ. ಅದರಲ್ಲಿ ಸಹಜವಾಗಿಯೇ ಹಿಸ್ಟಮಿನ್ ಥರದ ವಸ್ತುಗಳಿವೆ, ಅದಕ್ಕೇ ಎಷ್ಟೋ ಜನರಿಗೆ ಬಾಯಿ, ಗಂಟಲು ನವೆಯಾಗುತ್ತದೆ. ನಿಜವಾದ ಐಜಿಇ ಅಲರ್ಜಿಯೂ ಇದೆ, ಆದರೆ ಅಪರೂಪ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಸಂಶೋಧಕರು ಇದನ್ನೇ ಹಿಡಿದು ಅಧ್ಯಯನ ಮಾಡಿದ್ದಾರೆ. ಅಜ್ಜಿ ಬದನೆಯನ್ನು ‘ನಂಜು’ ಎಂದು ದೂರವಿಟ್ಟಿದ್ದರಲ್ಲಿ ಪೂರ್ತಿ ಮೂಢನಂಬಿಕೆಯೇನೂ ಇರಲಿಲ್ಲ.

ಗುರುತಿಸುವುದು ಹೇಗೆ? ಮೊದಲು ಗಡಿಯಾರ ನೋಡಿ. ಐಜಿಇ ಅಲರ್ಜಿ ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಎರಡನೆಯದು, ಮತ್ತೆ ತಿಂದಾಗಲೆಲ್ಲ ಹೆಚ್ಚುಕಮ್ಮಿ ಹಾಗೇ ಆಗುತ್ತದೆ. ನಿನ್ನೆಯ ಊಟಕ್ಕೆ ಇವತ್ತು ಸಂಜೆ ತಲೆನೋವು ಬಂದರೆ, ಮೂರು ಸಲ ತಿಂದು ಒಂದೇ ಸಲ ಗಂಧೆ ಎದ್ದರೆ, ಬೇರೆ ಕಾರಣ ಹುಡುಕಬೇಕು. ಒಂದು ವಿನಾಯಿತಿ ಇದೆ: ಕೆಲವರಿಗೆ ಗೋಧಿ ತಿಂದು ಸುಮ್ಮನಿದ್ದರೆ ಏನೂ ಇಲ್ಲ, ತಿಂದ ಕೆಲವೇ ಗಂಟೆಯೊಳಗೆ ಓಡಿದರೆ ಅಥವಾ ಜಿಮ್ ಮಾಡಿದರೆ ಮೈ ಊದುತ್ತದೆ. ಇದನ್ನು ಹಿಡಿಯಲು ಏನು ತಿಂದೆವೆಂಬುದರ ಜತೆ ಆಮೇಲೆ ಏನು ಮಾಡಿದೆವೆಂಬುದನ್ನೂ ಬರೆದಿಡಬೇಕು.

ರಕ್ತ ಕೊಟ್ಟರೆ ಎಲ್ಲ ತಿಳಿಯುತ್ತದೆಂಬ ಭರವಸೆ ಬೇಡ. ಯುರೋಪ್ರಿವಾಲ್ ಎಂಬ ಆಹಾರ ಅಲರ್ಜಿ ಸಂಶೋಧನಾ ಯೋಜನೆಯಡಿ ಕರ್ನಾಟಕದ ವಯಸ್ಕರಲ್ಲಿ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 26.5ರಷ್ಟು ಜನರ ರಕ್ತದಲ್ಲಿ ಯಾವುದಾದರೊಂದು ಆಹಾರದ ಐಜಿಇ ಸಿಕ್ಕಿತು. ಅದಕ್ಕೆ ತಕ್ಕ ತೊಂದರೆಯೂ ಇದ್ದವರು ಶೇ. 1.2 ಮಾತ್ರ. ಅಂದರೆ ವರದಿಯಲ್ಲಿ ಪಾಸಿಟಿವ್ ಬಂದವರಲ್ಲಿ ಹೆಚ್ಚಿನವರು ಅದೇ ಪದಾರ್ಥವನ್ನು ದಿನಾ ತಿಂದು ಚೆನ್ನಾಗಿಯೇ ಇದ್ದಾರೆ. ವರದಿ ನೋಡಿ ಬೇಳೆ, ಹಾಲು, ಗೋಧಿ ಎಲ್ಲ ಬಿಡಿಸಿದರೆ ಬೆಳೆಯುವ ಮಗು ಸೊರಗುತ್ತದೆ. ಐಜಿಜಿ ಎಂಬ ಇನ್ನೊಂದು ಪ್ರತಿಕಾಯವನ್ನು ಹುಡುಕುವ ಇನ್ನೂರು ಪದಾರ್ಥಗಳ ಪ್ಯಾಕೇಜ್ ಮಾರುವ ಜಾಹೀರಾತುಗಳಂತೂ ದುಡ್ಡು ದಂಡ. ಐಜಿಜಿ ಇದೆ ಎಂದರೆ ಆ ಪದಾರ್ಥ ತಿಂದಿದ್ದೀರಿ ಎಂದಷ್ಟೇ ಅರ್ಥ.

ತಜ್ಞರು ಮೊದಲು ನಿಮ್ಮ ಮಾತು ಕೇಳುತ್ತಾರೆ, ಆಮೇಲೆ ಅನುಮಾನ ಇರುವುದಕ್ಕಷ್ಟೇ ಚರ್ಮದ ಪರೀಕ್ಷೆ ಮಾಡುತ್ತಾರೆ. ಮುಂಗೈ ಮೇಲೆ ಒಂದು ಹನಿ ಇಟ್ಟು ಅದರ ಮೂಲಕ ಸಣ್ಣದಾಗಿ ಚುಚ್ಚಿ 15–20 ನಿಮಿಷ ಕಾಯುತ್ತಾರೆ. ಬರೀ ಲವಣದ್ರಾವಣ ಚುಚ್ಚಿದ ಜಾಗಕ್ಕಿಂತ ಮೂರು ಮಿಲಿಮೀಟರ್ ಹೆಚ್ಚು ಉಬ್ಬಿದರೆ ಪಾಸಿಟಿವ್. ಹಿಸ್ಟಮಿನ್ ತಡೆಯುವ ಸೆಟಿರಿಜಿನ್‌ನಂಥ ಮಾತ್ರೆಯನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸದಿದ್ದರೆ ಏನೂ ಉಬ್ಬದೆ ಪರೀಕ್ಷೆ ವ್ಯರ್ಥವಾಗುತ್ತದೆ. ಇಷ್ಟಾದರೂ ಅನುಮಾನ ಉಳಿದರೆ ಆಸ್ಪತ್ರೆಯಲ್ಲಿ, ಔಷಧಿ ಪಕ್ಕದಲ್ಲಿಟ್ಟುಕೊಂಡು, ಚೂರುಚೂರೇ ತಿನ್ನಿಸಿ ನೋಡುವುದೇ ಕೊನೆಯ ತೀರ್ಪು. ಇದನ್ನು ಮನೆಯಲ್ಲಿ ಮಾಡಬಾರದು.

ಅಲರ್ಜಿ ಇರುವುದು ಖಾತ್ರಿಯಾದ ಮೇಲೆ ಬೆಂಗಳೂರಿನಲ್ಲಿ ಎದುರಾಗುವ ಮೊದಲ ಕಷ್ಟ ಭಾಷೆಯದು. ‘ಕಡಲೆ’ ಎಂಬ ಒಂದೇ ಪದವನ್ನು ನೋಡಿ. ಕಡಲೆಕಾಳು ಬೇರೆ, ಹುರಿಗಡಲೆ ಬೇರೆ, ಕಡಲೆಹಿಟ್ಟು ಬೇರೆ, ಕಡಲೆಕಾಯಿ ಬೇರೆ. ಆ ಕಡಲೆಕಾಯಿಯೇ ಕಡಲೆಬೀಜ, ಹುಬ್ಬಳ್ಳಿಯವರಿಗೆ ಶೇಂಗಾ, ಮಂಗಳೂರಿನವರಿಗೆ ನೆಲಗಡಲೆ. ದರ್ಶಿನಿಯಲ್ಲಿ “ಚಟ್ನಿಗೆ ಕಡಲೆ ಹಾಕಿದೀರಾ?” ಎಂದರೆ “ಹೂಂ ಸಾರ್” ಅನ್ನುವವನ ತಲೆಯಲ್ಲಿ ಹುರಿಗಡಲೆ ಇರುತ್ತದೆ, “ಇಲ್ಲ ಸಾರ್” ಅನ್ನುವವನ ತಲೆಯಲ್ಲಿ ಕಡಲೆಕಾಳು. ಎರಡೂ ಉತ್ತರ ನಿಮಗೆ ಬೇಕಾದ್ದಲ್ಲ. “ಕಡಲೆಬೀಜ, ಮೂಂಗ್‌ಫಲ್ಲಿ, ಪಲ್ಲೀಲು” ಎಂದು ಮೂರು ಭಾಷೆಯಲ್ಲೂ ಹೇಳಿ, ಅಡುಗೆ ಮಾಡುವವರನ್ನೇ ಕೇಳಿ. ಬೋಂಡ ಕರಿದ ಬಾಣಲೆಯಲ್ಲೇ ಇನ್ನೇನು ಕರಿಯುತ್ತಾರೆ, ಚಟ್ನಿಗಳಿಗೆ ಸೌಟು ಬೇರೆಬೇರೆ ಇದೆಯಾ ಎಂದೂ ಕೇಳಿ. ಹುರಿದರೂ ಕರಿದರೂ ಕಡಲೆಬೀಜದ ಅಲರ್ಜಿ ಗುಣ ಹೋಗುವುದಿಲ್ಲ, ಒಂದು ಸೌಟಿನ ಅಂಟೂ ಕೆಲವರಿಗೆ ಸಾಕು. ನಿಪ್ಪಟ್ಟು, ಕಾಂಗ್ರೆಸ್ ಕಡಲೆಬೀಜ, ಪುಳಿಯೋಗರೆ, ಚಟ್ನಿಪುಡಿ ಕಣ್ಣಿಗೆ ಕಾಣುವ ಶತ್ರುಗಳು. ಸಂಕ್ರಾಂತಿಯ ಎಳ್ಳುಬೆಲ್ಲ ಇನ್ನೂ ಕಠಿಣ: ಎಳ್ಳು, ಕಡಲೆಬೀಜ, ಹುರಿಗಡಲೆ, ಕೊಬ್ಬರಿ ಒಂದೇ ಪೊಟ್ಟಣದಲ್ಲಿ, ಅದೂ ಮಕ್ಕಳ ಕೈಯಿಂದ ಮಕ್ಕಳ ಕೈಗೆ. ಮುಟ್ಟಿದ ಕೈಯನ್ನು ಸೋಪು ನೀರಿನಲ್ಲೇ ತೊಳೆಯಬೇಕು. ಸ್ಯಾನಿಟೈಸರ್ ಕೀಟಾಣು ಕೊಲ್ಲುತ್ತದೆ, ಪ್ರೋಟೀನು ತೆಗೆಯುವುದಿಲ್ಲ.

ಪೊಟ್ಟಣದ ಆಹಾರವಾದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ನಿಯಮದಂತೆ ಗ್ಲುಟೆನ್ ಇರುವ ಧಾನ್ಯ, ಸಿಗಡಿ–ಏಡಿ ಜಾತಿ, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಗೋಡಂಬಿ–ಬಾದಾಮಿಯಂಥವು, ಸೋಯಾ, ಕಿಲೋಗೆ 10 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಸಲ್ಫೈಟ್ ಎಂಬ ಸಂರಕ್ಷಕ ಇದ್ದರೆ ಪ್ರತ್ಯೇಕವಾಗಿ ನಮೂದಿಸಬೇಕು. ಆ ಪಟ್ಟಿಯಲ್ಲಿ ಎಳ್ಳಿಲ್ಲ, ಸಾಸಿವೆಯಿಲ್ಲ, ಕಡಲೆಹಿಟ್ಟಿಲ್ಲ. ಒಗ್ಗರಣೆಯ ನಾಡಿನಲ್ಲಿ ಸಾಸಿವೆ ಅಲರ್ಜಿಯವರು ಪದಾರ್ಥಗಳ ಪೂರ್ತಿ ಪಟ್ಟಿಯನ್ನೇ ಓದಬೇಕು. ಗೋಧಿ ಬಿಟ್ಟವರು ಇಂಗಿನ ಡಬ್ಬಿಯನ್ನೂ ತಿರುಗಿಸಿ ನೋಡಿ. ಅಂಗಡಿಯ ಇಂಗಿನಲ್ಲಿ ಬಹುಪಾಲು ಹಿಟ್ಟು ಮತ್ತು ಅಂಟು, ಆ ಹಿಟ್ಟು ಎಷ್ಟೋ ಬ್ರ್ಯಾಂಡ್‌ಗಳಲ್ಲಿ ಗೋಧಿಯದು. ಬೇಕರಿಯಲ್ಲಿ ‘ಎಗ್‌ಲೆಸ್’ ಎಂದರೆ ಮೊಟ್ಟೆ ಇಲ್ಲ ಎಂದಷ್ಟೇ, ಹಾಲಿರುತ್ತದೆ.

ಎಷ್ಟು ಜಾಗ್ರತೆ ಮಾಡಿದರೂ ಒಂದು ದಿನ ತಪ್ಪುತ್ತದೆ. ಬರೀ ನಾಲ್ಕು ಗಂಧೆ, ತುಟಿ ತುಸು ನವೆ ಎಂದರೆ ವೈದ್ಯರು ಬರೆದುಕೊಟ್ಟ ಸೆಟಿರಿಜಿನ್ ಕೊಟ್ಟು ಪಕ್ಕದಲ್ಲೇ ಕೂತು ನೋಡಬಹುದು. ಚರ್ಮದ ಜತೆ ಇನ್ನೊಂದು ಸೇರಿದರೆ, ಅಂದರೆ ಮತ್ತೆಮತ್ತೆ ವಾಂತಿ, ಕೆಮ್ಮು, ಸುಂಯ್ ಎನ್ನುವ ಉಸಿರು, ದನಿ ಒಡೆಯುವುದು, ತಲೆಸುತ್ತು, ಮಗು ಜೋಲುವುದು, ಅದು ಅನಾಫಿಲಾಕ್ಸಿಸ್. ಅಲರ್ಜಿ ಪದಾರ್ಥ ತಿಂದವರಿಗೆ ಗಂಧೆಯೇ ಇಲ್ಲದೆ ಉಸಿರು ಕಟ್ಟಿದರೂ ಅದೇ. ಆಗ ಔಷಧಿ ಅಡ್ರಿನಲಿನ್ ಒಂದೇ: ತೊಡೆಯ ಹೊರಭಾಗದ ನಡುವೆ, ಸ್ನಾಯುವಿಗೆ, ಕಿಲೋ ತೂಕಕ್ಕೆ 0.01 ಮಿಲಿಗ್ರಾಂ. ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಂ ಇರುವ ಆಂಪೂಲ್ (ಔಷಧಿಯ ಸಣ್ಣ ಗಾಜಿನ ಸೀಸೆ) ಆದರೆ 15 ಕಿಲೋ ಮಗುವಿಗೆ 0.15 ಮಿಲಿ, ದೊಡ್ಡವರಿಗೆ 0.5 ಮಿಲಿ. ಪೆನ್ನಿನಂತೆ ಚುಚ್ಚಿಕೊಳ್ಳುವ ಇಂಜೆಕ್ಷನ್ ನಮ್ಮಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಹಿಂದೊಮ್ಮೆ ಹೀಗಾದವರು ಆಂಪೂಲ್, ಸಿರಿಂಜ್ ಮತ್ತು ಪ್ರಮಾಣ ಬರೆದ ಚೀಟಿಯನ್ನು ವೈದ್ಯರಿಂದಲೇ ಪಡೆದು ಅವರ ಮುಂದೆಯೇ ಕಲಿತಿರಬೇಕು. ಆಂಪೂಲನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ. ಕಂದುಬಣ್ಣಕ್ಕೆ ತಿರುಗಿದ್ದರೆ ಎಸೆಯಿರಿ.

ಆ ಗಳಿಗೆಯಲ್ಲಿ ಅಡ್ರಿನಲಿನ್ ಚುಚ್ಚುವವರು ಕಡಿಮೆ. ಮಾತ್ರೆ ಕೊಟ್ಟು ಕಾಯುತ್ತಾರೆ, ಪುನರ್ಪುಳಿ ಸಾರು ಕುಡಿಸುತ್ತಾರೆ, ಬೈಕಿನಲ್ಲಿ ಕೂರಿಸಿಕೊಂಡು ಹೊರಡುತ್ತಾರೆ. ಮಾತ್ರೆ ನವೆ ಇಳಿಸುತ್ತದೆ, ಊದಿದ ಗಂಟಲನ್ನು ತೆರೆಯುವುದಿಲ್ಲ. ರಕ್ತದೊತ್ತಡ ಕುಸಿದವರನ್ನು ಎಬ್ಬಿಸಿ ನಿಲ್ಲಿಸಿದರೆ ಹೃದಯಕ್ಕೆ ರಕ್ತ ಸಾಲದೆ ಪ್ರಾಣ ಹೋಗಬಹುದು. ಅಂಗಾತ ಮಲಗಿಸಿ ಕಾಲು ಎತ್ತರಿಸಿ. ಉಸಿರು ಕಷ್ಟವಾದರೆ ಒರಗಿಸಿ ಕೂರಿಸಿ, ವಾಂತಿಯಾಗುತ್ತಿದ್ದರೆ ಮಗ್ಗುಲಿಗೆ ತಿರುಗಿಸಿ. 108ಕ್ಕೆ ಕರೆ ಮಾಡಿ “ಅಲರ್ಜಿಯಿಂದ ಉಸಿರು ಕಟ್ಟುತ್ತಿದೆ” ಎಂದೇ ಹೇಳಿ. ಐದರಿಂದ ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಂದು ಡೋಸ್ ಬೇಕಾಗುತ್ತದೆ. ಪೂರ್ತಿ ಚೇತರಿಸಿಕೊಂಡಂತೆ ಕಂಡರೂ ಆಸ್ಪತ್ರೆಯಲ್ಲಿ ಕೆಲವು ಗಂಟೆ ಇರಬೇಕು, ಇಳಿದದ್ದು ಮತ್ತೆ ಏಳುವುದುಂಟು. ಆಸ್ಪತ್ರೆಗೆ ಹೊರಡುವ ಮುನ್ನ ಮನೆಯಲ್ಲಿ ಉಳಿದವರಿಗೆ ಹೇಳಿ: ತಟ್ಟೆಯಲ್ಲಿ ಉಳಿದದ್ದನ್ನು ಚೆಲ್ಲಬೇಡಿ, ಪೊಟ್ಟಣ ಹರಿದು ಎಸೆಯಬೇಡಿ. ವೈದ್ಯರು ಆಮೇಲೆ ಕೇಳುವ ಮೊದಲ ಪ್ರಶ್ನೆ ಅದರ ಬಗ್ಗೆಯೇ ಇರುತ್ತದೆ.